ಗಿರಾಕಿ ಕೇಳಿದ್ದನ್ನೇ ಪೋಸ್ಟ್ ಮಾಡಿ: ವ್ಯಾಪಾರಕ್ಕೆ ಸೋಷಿಯಲ್ ಮೀಡಿಯಾ ಬಳಸುವ ಬಗೆ

"ಪೇಜ್ ಮಾಡಿ ಆರು ತಿಂಗಳಾಯ್ತು, ಫಾಲೋವರ್ಸ್ ಏರ್ತಾನೇ ಇಲ್ಲ, ಏನ್ ಮಾಡೋದು?" ಅಂತ ಯಾರಾದರೂ ಕೇಳಿದರೆ ನಾನು ತಿರುಗಿಸಿ ಒಂದು ಪ್ರಶ್ನೆ ಕೇಳುತ್ತೇನೆ. ಈ ವಾರ ನಿಮ್ಮ ಗಿರಾಕಿಗಳು ನಿಮ್ಮನ್ನು ಏನೇನು ಕೇಳಿದರು? ತಕ್ಷಣ ಉತ್ತರ ಬರುವುದಿಲ್ಲ. "ರೇಟ್ ಕೇಳ್ತಾರೆ ಅಷ್ಟೇ" ಅನ್ನುತ್ತಾರೆ. ಸ್ವಲ್ಪ ಕೆದಕಿದ ಮೇಲೆ ಒಂದೊಂದೇ ಹೊರಗೆ ಬರುತ್ತವೆ. ಮುಂದಿನ ಮೂರು ತಿಂಗಳ ಪೋಸ್ಟ್‌ಗಳು ಆ ಪ್ರಶ್ನೆಗಳಲ್ಲೇ ಇರುತ್ತವೆ. ಯಾವ ಆ್ಯಪ್‌ನಲ್ಲಿ ಇರಬೇಕು, ಪ್ರೊಫೈಲ್‌ನಲ್ಲಿ ಏನು ಬರೆಯಬೇಕು, ಯಾವುದಕ್ಕೆ ದುಡ್ಡು ಕೊಟ್ಟು ಜಾಹೀರಾತು ಹಾಕಬೇಕು, ಎಲ್ಲದಕ್ಕೂ ದಾರಿ ಅಲ್ಲಿಂದಲೇ ಸಿಗುತ್ತದೆ.

ಮಾತು ಗಾಳಿಯಲ್ಲಿ ಹೋಗಬಾರದು ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ದಪ್ಪ ಕ್ಯಾನ್ವಾಸ್ ಬಟ್ಟೆಯಲ್ಲಿ ಬ್ಯಾಗ್ ಹೊಲಿದು ಮಾರುವ ಒಬ್ಬರು. ಎರಡು ಹೊಲಿಗೆ ಮೆಷಿನ್, ಕೈಜೋಡಿಸಲು ಇನ್ನೊಬ್ಬರು, ಒಂದು ಫೋನು. ನಿಮ್ಮದು ಬೇರೆ ವ್ಯಾಪಾರವಾದರೆ ಬ್ಯಾಗ್ ಅಂತ ಇದ್ದಲ್ಲೆಲ್ಲ ನಿಮ್ಮ ಸರಕನ್ನು ಇಟ್ಟು ಓದಿಕೊಳ್ಳಿ.

ಹೆಜ್ಜೆ 1: ಪ್ರಶ್ನೆಗಳ ನೋಟ್‌ಬುಕ್

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಫೋನಿನ ನೋಟ್ಸ್ ಕೂಡ ಆಗುತ್ತದೆ, ಆದರೆ ಪಕ್ಕದಲ್ಲೇ ಬಿದ್ದಿರುವ ಪುಸ್ತಕದಲ್ಲಿ ಜಾಸ್ತಿ ಬರೆಯುತ್ತೇವೆ ಅನ್ನುವುದು ನನ್ನ ಅನುಭವ. ಎರಡು ವಾರ ಬೇರೇನೂ ಮಾಡಬೇಡಿ. ಗಿರಾಕಿ ಕೇಳಿದ ಪ್ರತಿ ಪ್ರಶ್ನೆಯನ್ನೂ ಅವರ ಬಾಯಲ್ಲಿ ಬಂದ ಹಾಗೇ ಬರೆಯಿರಿ. ತಿದ್ದಬೇಡಿ. "ಇದರಲ್ಲಿ ನನ್ನ ಲ್ಯಾಪ್‌ಟಾಪ್ ಹಿಡಿಯುತ್ತಾ?" ಅಂತ ಕೇಳಿದರೆ ಹಾಗೇ ಬರೆಯಿರಿ, "ಉತ್ಪನ್ನದ ಅಳತೆಯ ವಿಚಾರಣೆ" ಅಂತ ಬರೆದರೆ ಆ ಪ್ರಶ್ನೆಯ ಜೀವ ಹೋಯಿತು.

ಬ್ಯಾಗಿನವರ ಪುಸ್ತಕ ಎರಡು ವಾರಕ್ಕೆ ಹೀಗಿರುತ್ತದೆ:

ಮಳೆಗೆ ಒಳಗಿರೋ ಪೇಪರ್ ನೆನೆಯುತ್ತಾ?
ಒಗೆದರೆ ಬಣ್ಣ ಬಿಡುತ್ತಾ?
15 ಇಂಚಿನ ಲ್ಯಾಪ್‌ಟಾಪ್ ಹಿಡಿಯುತ್ತಾ? ಚಾರ್ಜರ್ ಸೇರಿ?
ಜಿಪ್ ಹೋದರೆ ನೀವೇ ಹಾಕಿಕೊಡ್ತೀರಾ?
ಫೋಟೋದಲ್ಲಿರೋ ಬಣ್ಣಾನೇ ಬರುತ್ತಾ?
ಮಗಳಿಗೆ ಗಿಫ್ಟ್, ಹೆಸರು ಹಾಕಿಕೊಡ್ತೀರಾ?
ಎಷ್ಟು ದಿನಕ್ಕೆ ಕೈಗೆ ಸೇರುತ್ತೆ?

ಒಂದೇ ಪ್ರಶ್ನೆ ಮತ್ತೆ ಬಂದರೆ ಅದರ ಪಕ್ಕ ಒಂದು ಗೀಟು ಎಳೆಯಿರಿ. ಎರಡು ವಾರದ ಕೊನೆಗೆ ಯಾವುದರ ಪಕ್ಕ ಗೀಟು ಜಾಸ್ತಿ ಅಂತ ನೋಡಿ. ಮಳೆ ಪ್ರಶ್ನೆಗೆ ಹನ್ನೊಂದು, ಹೆಸರು ಹಾಕಿಸುವುದಕ್ಕೆ ಎರಡು. ದೊಡ್ಡ ಕಂಪನಿಗಳು ಇದನ್ನೇ ಮಾರ್ಕೆಟ್ ರಿಸರ್ಚ್ ಅಂತ ಕರೆದು ದುಡ್ಡು ಸುರಿಯುತ್ತವೆ.

ವ್ಯಾಪಾರ ಈಗಷ್ಟೇ ಶುರುವಾಗಿದೆ, ಕೇಳುವವರೇ ಇಲ್ಲ ಅಂದರೆ? ನಿಮ್ಮಂಥದ್ದೇ ಸರಕು ಮಾರುವ ದೊಡ್ಡ ಪೇಜ್‌ಗಳಿಗೆ ಹೋಗಿ ಕಾಮೆಂಟ್ ಓದಿ. ಆನ್‌ಲೈನ್ ಅಂಗಡಿಗಳಲ್ಲಿ ಎರಡು ಮತ್ತು ಮೂರು ಸ್ಟಾರ್ ಕೊಟ್ಟವರ ರಿವ್ಯೂ ಓದಿ. ಐದು ಸ್ಟಾರ್‌ನವರು "ಸೂಪರ್" ಅಂತ ಬರೆದು ಹೋಗಿರುತ್ತಾರೆ, ಒಂದು ಸ್ಟಾರ್‌ನವರು ಬೈದಿರುತ್ತಾರೆ. ನಡುವಿನವರು ಏನು ಸರಿಯಿಲ್ಲ ಅಂತ ಬಿಡಿಸಿ ಹೇಳಿರುತ್ತಾರೆ.

ಹೆಜ್ಜೆ 2: ಒಂದು ಮನೆ, ಒಂದು ಜಗಲಿ

ಎಲ್ಲ ಕಡೆ ಖಾತೆ ತೆರೆಯುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಒಂದು ಕಡೆ ಜನ ನಿಮ್ಮನ್ನು ಕಾಣಬೇಕು, ಇನ್ನೊಂದು ಕಡೆ ಕೂತು ಮಾತಾಡಬೇಕು. ಜಗಲಿ ಒಂದು, ಮನೆ ಒಂದು. ಶುರುವಿಗೆ ಎರಡೇ ಸಾಕು.

ನೋಡಿದ ತಕ್ಷಣ ಇಷ್ಟವಾಗುವ ಸರಕಾದರೆ ಇನ್‌ಸ್ಟಾಗ್ರಾಂ. ಬಟ್ಟೆ, ಬ್ಯಾಗು, ಗಿಡ, ಒಡವೆ, ಮನೆ ಅಲಂಕಾರ, ಇಂಥವು. "ಹೇಗೆ ಮಾಡೋದು" ಅಂತ ಜನ ಹುಡುಕುವ ವಿಷಯವಾದರೆ ಯೂಟ್ಯೂಬ್. ರಿಪೇರಿ, ಪಾಠ, ತೋಟ, ಲೆಕ್ಕಪತ್ರ ಎಲ್ಲ ಅಲ್ಲಿ ಓಡುತ್ತವೆ. ಅಲ್ಲಿ ಹುಡುಕಿಕೊಂಡು ಬರುವವರು ಇರುವುದರಿಂದ ಎರಡು ವರ್ಷದ ಹಿಂದೆ ಹಾಕಿದ ವಿಡಿಯೋ ಇವತ್ತೂ ಗಿರಾಕಿ ತರಬಹುದು. ಇನ್‌ಸ್ಟಾಗ್ರಾಂನ ಸ್ಟೋರಿ ಆದರೋ 24 ಗಂಟೆಗೆ ಮಾಯ. ನಿಮ್ಮ ಗಿರಾಕಿ ಇನ್ನೊಂದು ಕಂಪನಿಯಾದರೆ ಲಿಂಕ್ಡ್‌ಇನ್. ಅಲ್ಲಿ ಕಂಪನಿ ಪೇಜ್‌ಗಿಂತ ಮಾಲೀಕರು ಸ್ವಂತ ಹೆಸರಲ್ಲಿ ಬರೆದದ್ದನ್ನು ಜನ ಓದುತ್ತಾರೆ. ಫೇಸ್‌ಬುಕ್ ಹಳತಾಯ್ತು ಅನ್ನುವವರಿದ್ದಾರೆ. ನಡುವಯಸ್ಸು ದಾಟಿದವರು ನಿಮ್ಮ ಗಿರಾಕಿಗಳಾದರೆ ಆ ಮಾತು ಕಿವಿಗೆ ಹಾಕಿಕೊಳ್ಳಬೇಡಿ, ಅದರ ಗ್ರೂಪ್‌ಗಳಲ್ಲಿ ಇನ್ನೂ ಒಳ್ಳೆ ಓಡಾಟವಿದೆ.

ಇವೆಲ್ಲ ಜಗಲಿ. ಮನೆ ಅಂದರೆ ಇನ್‌ಬಾಕ್ಸ್, ಬಹಳ ಜನರಿಗೆ ಅದು ವಾಟ್ಸಾಪ್. 2018ರಲ್ಲಿ ವ್ಯಾಪಾರಸ್ಥರಿಗೆಂದೇ ವಾಟ್ಸಾಪ್ ಬಿಸಿನೆಸ್ ಆ್ಯಪ್ ಬಂತು. ಅದನ್ನೇ ಬಳಸಿ, ಬೇರೆ ನಂಬರ್‌ನಲ್ಲಿ ಬಳಸಿ. ರಾತ್ರಿ ಅಕ್ಕನ ಮೆಸೇಜೂ ಆರ್ಡರ್ ಮೆಸೇಜೂ ಒಂದೇ ಸಾಲಿನಲ್ಲಿ ಬಂದರೆ ಎರಡಕ್ಕೂ ಉತ್ತರ ತಪ್ಪುತ್ತದೆ.

ಯಾವುದು ಅಂತ ಇನ್ನೂ ತೋಚದಿದ್ದರೆ ನಿಮ್ಮ ಹತ್ತು ಗಿರಾಕಿಗಳನ್ನೇ ಕೇಳಿ: "ಸುಮ್ನೆ ಕೂತಾಗ ಫೋನಲ್ಲಿ ಮೊದಲು ಯಾವುದು ತೆಗೀತೀರಾ?" ಆ ಹತ್ತು ಉತ್ತರ ಸಾಕು.

ಹೆಜ್ಜೆ 3: ಪ್ರೊಫೈಲ್

ಇನ್‌ಸ್ಟಾಗ್ರಾಂ ಬಯೋಗೆ ಸಿಗುವ ಜಾಗ 150 ಅಕ್ಷರ. ಅದರಲ್ಲಿ "ಕನಸುಗಳನ್ನು ಹೆಣೆಯುತ್ತೇವೆ" ಅಂತ ಬರೆದು ಅರ್ಧ ಜಾಗ ಹಾಳು ಮಾಡುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ನೋಟ್‌ಬುಕ್ ತೆಗೆಯಿರಿ. ಜಾಸ್ತಿ ಗೀಟು ಬಿದ್ದ ಎರಡು ಪ್ರಶ್ನೆಗೆ ಉತ್ತರ ಅಲ್ಲಿ ಬರಲಿ, ಕೊನೆಗೆ ಆರ್ಡರ್ ಹೇಗೆ ಮಾಡಬೇಕು ಅಂತ ಒಂದು ಸಾಲು:

ಮಳೆಗೆ ನೆನೆಯದ ಕ್ಯಾನ್ವಾಸ್ ಬ್ಯಾಗ್. 15 ಇಂಚಿನ ಲ್ಯಾಪ್‌ಟಾಪ್, ಚಾರ್ಜರ್ ಹಿಡಿಯುತ್ತದೆ. ಆರ್ಡರ್‌ಗೆ ಕೆಳಗಿನ ಲಿಂಕ್ ಒತ್ತಿ.

ಇಷ್ಟೇ. ಇನ್ನೊಂದು ಸಣ್ಣ ಗುಟ್ಟಿದೆ. ಯೂಸರ್‌ನೇಮ್ ಅಲ್ಲದೆ ಮೇಲೆ ದಪ್ಪಕ್ಷರದಲ್ಲಿ ಕಾಣುವ ಹೆಸರಿನ ಜಾಗವಿದೆಯಲ್ಲ, ಸರ್ಚ್‌ನಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ. ಅಲ್ಲಿ ಬರೀ ಅಂಗಡಿ ಹೆಸರು ಬಿಟ್ಟು, "ಕ್ಯಾನ್ವಾಸ್ ಬ್ಯಾಗ್" ಅನ್ನುವ ಮಾತನ್ನೂ ಸೇರಿಸಿ. ಖಾತೆಯನ್ನು ಪ್ರೊಫೆಷನಲ್ ಖಾತೆಯಾಗಿ ಬದಲಾಯಿಸಿಕೊಳ್ಳಿ, ಇದಕ್ಕೆ ದುಡ್ಡಿಲ್ಲ. ಎಷ್ಟು ಜನರಿಗೆ ತಲುಪಿತು, ಎಷ್ಟು ಜನ ಸೇವ್ ಮಾಡಿಕೊಂಡರು ಅನ್ನುವ ಲೆಕ್ಕ ಸಿಗುವುದು ಆಮೇಲೆಯೇ.

ಪ್ರೊಫೈಲ್ ಫೋಟೋ ಬೆರಳ ತುದಿಯಷ್ಟು ಕಾಣುತ್ತದೆ. ಉದ್ದ ಲೋಗೋ ಅಲ್ಲಿ ಓದಲು ಬರುವುದಿಲ್ಲ. ಮುಖ ಅಥವಾ ಒಂದೇ ಒಂದು ಬ್ಯಾಗಿನ ಚಿತ್ರ ಇಡಿ.

ಹೆಜ್ಜೆ 4: ಏನು ಹಾಕಬೇಕು

ಎಲ್ಲರೂ ಕಷ್ಟಪಡುವ ಜಾಗ ಇದೇ, ಹಾಗಾಗಿ ಸ್ವಲ್ಪ ನಿಂತು ನೋಡೋಣ.

2006ರಲ್ಲಿ ಅಮೆರಿಕದ ಯೂಟಾದಲ್ಲಿದ್ದ ಬ್ಲೆಂಡ್‌ಟೆಕ್ ಅನ್ನುವ ಮಿಕ್ಸರ್ ಕಂಪನಿ ಅಷ್ಟೇನೂ ಹೆಸರಾಗಿರಲಿಲ್ಲ. ಅದರ ಮಾಲೀಕ ಟಾಮ್ ಡಿಕ್ಸನ್ ಮಿಕ್ಸರ್ ಗಟ್ಟಿಯಿದೆಯಾ ಅಂತ ನೋಡಲು ಅದರೊಳಗೆ ಮರದ ತುಂಡು ಹಾಕಿ ರುಬ್ಬುತ್ತಿದ್ದರು. ಕಾರ್ಖಾನೆಯವರಿಗೆ ಅದು ದಿನದ ಕೆಲಸ. ಮಾರ್ಕೆಟಿಂಗ್‌ಗೆ ಹೊಸದಾಗಿ ಸೇರಿದ ಜಾರ್ಜ್ ರೈಟ್ ಅವರ ಕಣ್ಣಿಗೆ ನೆಲದ ಮೇಲಿನ ಮರದ ಹುಡಿ ಬಿತ್ತು. ಇದನ್ನು ವಿಡಿಯೋ ಮಾಡೋಣ ಅಂದರು. ಗೋಲಿ ರುಬ್ಬಿದರು, ಕುಂಟೆ ರುಬ್ಬಿದರು, ಮರುವರ್ಷ ಐಫೋನ್ ಬಂದಾಗ ಅದನ್ನೂ ರುಬ್ಬಿದರು. ಯೂಟ್ಯೂಬ್‌ನಲ್ಲಿ ಲಕ್ಷಾಂತರ ಜನ ನೋಡಿದರು, ಮಿಕ್ಸರ್ ಮಾರಾಟ ಏರಿತು.

ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ. ದಿನಾ ನೋಡಿ ನೋಡಿ ನಿಮಗೆ ಸಪ್ಪೆಯಾದ ಕೆಲಸ ಹೊರಗಿನವರಿಗೆ ತಮಾಷೆಯೂ ಹೌದು, ಪುರಾವೆಯೂ ಹೌದು. "ನಮ್ಮ ಮಿಕ್ಸರ್ ಗಟ್ಟಿ" ಅಂತ ಬರೆದಿದ್ದರೆ ಯಾರು ನಂಬುತ್ತಿದ್ದರು? "ಇದು ಗಟ್ಟಿ ಇದೆಯಾ?" ಅನ್ನುವ ಗಿರಾಕಿಯ ಪ್ರಶ್ನೆಗೆ ಅವರು ಮಾಡಿ ತೋರಿಸಿ ಉತ್ತರ ಕೊಟ್ಟರು.

ಬ್ಯಾಗಿನವರ ಮಳೆ ಪ್ರಶ್ನೆಯನ್ನು ಹೀಗೆ ತೋರಿಸೋಣ. ಮೊದಲು ಸಾಮಾನ್ಯವಾಗಿ ಎಲ್ಲರೂ ಹಾಕುವ ಪೋಸ್ಟ್ ನೋಡಿ: ಬ್ಯಾಗಿನ ಒಂದು ಫೋಟೋ, ಕೆಳಗೆ "ಉತ್ತಮ ಗುಣಮಟ್ಟದ ಜಲನಿರೋಧಕ ಬ್ಯಾಗ್‌ಗಳು ಲಭ್ಯ. ಇಂದೇ ಸಂಪರ್ಕಿಸಿ." ಇದನ್ನು ಓದಿ ಯಾರೂ ಬೆರಳು ನಿಲ್ಲಿಸುವುದಿಲ್ಲ.

ಈಗ ಇದು. ಫೋನನ್ನು ನೆಟ್ಟಗೆ ನಿಲ್ಲಿಸಿ, ಉದ್ದಕ್ಕೆ ಕಾಣುವ 9:16 ಅಳತೆಯಲ್ಲಿ. ಮೊದಲ ದೃಶ್ಯದಲ್ಲೇ ಒಂದು ಕೈ ಮಡಚಿದ ದಿನಪತ್ರಿಕೆಯನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆಯುತ್ತದೆ. ಮೇಲೆ ಅಕ್ಷರದಲ್ಲಿ: "ಮಳೆಗೆ ಒಳಗಿರೋ ಪೇಪರ್ ನೆನೆಯುತ್ತಾ?" ನೋಟ್‌ಬುಕ್‌ನಲ್ಲಿ ಇದ್ದ ಹಾಗೇ, ಒಂದಕ್ಷರ ಬದಲಿಸದೆ. ಒಂದು ಬಕೆಟ್ ನೀರು, ಮಗ್ಗಿನಲ್ಲಿ ಒಂದು, ಎರಡು, ಮೂರು ಸಲ ಬ್ಯಾಗಿನ ಮೇಲೆ ಸುರಿಯಿರಿ. ಜಿಪ್ ತೆಗೆಯಿರಿ. ಪೇಪರ್ ಹೊರತೆಗೆದು ಕ್ಯಾಮೆರಾ ಹತ್ತಿರ ಹಿಡಿದು ಸರಸರ ಅಂತ ಅಲುಗಿಸಿ. ಜಿಪ್ ಪಕ್ಕದ ಮೂಲೆ ಒಂದಿಷ್ಟು ಒದ್ದೆಯಾಗಿದೆಯಾ? ಅದನ್ನೂ ತೋರಿಸಿ. "ಜಿಪ್ ಹತ್ತಿರ ಸ್ವಲ್ಪ ಒಳಗೆ ಬರುತ್ತೆ, ಜೋರು ಮಳೆಯಲ್ಲಿ ಅರ್ಧ ಗಂಟೆ ನಿಲ್ಲೋದಾದರೆ ಕವರ್ ಹಾಕಿ" ಅಂತ ಬರೆಯಿರಿ.

ಆ ಒದ್ದೆ ಮೂಲೆ ತೋರಿಸಲು ಬಹಳ ಜನ ಹೆದರುತ್ತಾರೆ. ನಾನಾದರೆ ತೋರಿಸಿಯೇ ತೋರಿಸುತ್ತೇನೆ. ಅದನ್ನು ನೋಡಿದ ಮೇಲೆ ಉಳಿದದ್ದನ್ನೂ ಜನ ನಂಬುತ್ತಾರೆ. ಮನೆಗೆ ಹೋದ ಬ್ಯಾಗ್ ವಾಪಸ್ ಬರುವುದೂ ಕಡಿಮೆಯಾಗುತ್ತದೆ. ಅಂದ ಹಾಗೆ, ಈ ವಿಡಿಯೋ ಮಾಡಿದ ಮೇಲೆ ಬಯೋದಲ್ಲಿ "ಮಳೆಗೆ ನೆನೆಯದ" ಅಂತ ಬರೆದದ್ದನ್ನು "ಮಳೆ ತಡೆಯುವ" ಅಂತ ತಿದ್ದಬೇಕಾಗುತ್ತದೆ, ಅಲ್ವಾ? ತಿದ್ದಿ.

ಇಂಥ ವಿಡಿಯೋ ಮಾಡುವಾಗ ನೆನಪಿಡಬೇಕಾದ ಕೆಲವು ಕೈಕೆಲಸದ ವಿಷಯಗಳಿವೆ. ಮೊದಲ ಎರಡು ಸೆಕೆಂಡಿನಲ್ಲಿ ಲೋಗೋ, "ನಮಸ್ಕಾರ ಸ್ನೇಹಿತರೇ" ಎಲ್ಲ ಬೇಡ. ನೇರ ಪ್ರಶ್ನೆಗೆ ಬನ್ನಿ. ಎಷ್ಟೋ ಜನ ಸೌಂಡ್ ಆಫ್ ಮಾಡಿಕೊಂಡು ನೋಡುತ್ತಾರೆ, ಆದ್ದರಿಂದ ಮಾತನ್ನು ಅಕ್ಷರದಲ್ಲೂ ಹಾಕಿ. ಆ ಅಕ್ಷರ ತೀರಾ ಕೆಳಗೆ ಬಂದರೆ ಆ್ಯಪ್‌ನ ಬಟನ್‌ಗಳು ಮುಚ್ಚಿಬಿಡುತ್ತವೆ, ನಡುವಿಗಿಂತ ಸ್ವಲ್ಪ ಮೇಲಿರಲಿ. ಕಿಟಕಿಯ ಬೆಳಕು ನಿಮ್ಮ ಬೆನ್ನ ಹಿಂದಿನಿಂದ ಸರಕಿನ ಮೇಲೆ ಬೀಳಲಿ. ಟ್ಯೂಬ್‌ಲೈಟ್ ಕೆಳಗೆ ಕ್ಯಾನ್ವಾಸಿನ ಬಣ್ಣವೇ ಬದಲಾಗಿ, ನೋಟ್‌ಬುಕ್‌ನ ಐದನೇ ಪ್ರಶ್ನೆ ಇನ್ನಷ್ಟು ಸಲ ಬರುತ್ತದೆ.

ಹಾಡು? ಸಿನಿಮಾ ಹಾಡು ಹಾಕಿದರೆ ಜಾಸ್ತಿ ಓಡುತ್ತದೆ ಅನ್ನುವ ನಂಬಿಕೆಯಲ್ಲಿ ಎಷ್ಟೋ ಬಿಸಿನೆಸ್ ಪೇಜ್‌ಗಳು ಸಿಕ್ಕಿಬೀಳುತ್ತವೆ. ಇನ್‌ಸ್ಟಾಗ್ರಾಂ ಬಿಸಿನೆಸ್ ಖಾತೆಗಳಿಗೆ ಜನಪ್ರಿಯ ಹಾಡುಗಳ ಪೂರ್ತಿ ಸಂಗ್ರಹ ಸಿಗದಿರುವುದಕ್ಕೆ ಕಾರಣವೇ ಹಕ್ಕಿನ ವಿಷಯ. ಮನರಂಜನೆಗೆ ಕೊಟ್ಟ ಅನುಮತಿ ಮಾರಾಟಕ್ಕೆ ಅನ್ವಯಿಸುವುದಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡನ್ನೂ ನಡೆಸುವ ಕಂಪನಿ ಮೆಟಾದ ಸೌಂಡ್ ಕಲೆಕ್ಷನ್, ಯೂಟ್ಯೂಬ್‌ನ ಆಡಿಯೋ ಲೈಬ್ರರಿ ಬಳಸಿ. ಅದಕ್ಕಿಂತ ಚೆಂದದ್ದು ಹೊಲಿಗೆ ಮೆಷಿನ್ನಿನ ಸದ್ದು, ನೀರು ಸುರಿಯುವ ಸದ್ದು.

ಬರಹದ ವಿಷಯಕ್ಕೆ ಬಂದರೆ, ಇನ್‌ಸ್ಟಾಗ್ರಾಂ ಕ್ಯಾಪ್ಷನ್‌ಗೆ 2,200 ಅಕ್ಷರದವರೆಗೆ ಜಾಗವಿದೆ. ಆದರೆ ಫೀಡ್‌ನಲ್ಲಿ ಕಾಣುವುದು ಮೊದಲ ಸಾಲು ಮಾತ್ರ, ಉಳಿದದ್ದು ಒತ್ತಿದರೆ ತೆರೆದುಕೊಳ್ಳುತ್ತದೆ. ಹಾಗಾಗಿ ಪ್ರಶ್ನೆ ಮೊದಲ ಸಾಲಿನಲ್ಲಿರಲಿ. ಗಿರಾಕಿ ಯಾವ ಭಾಷೆಯಲ್ಲಿ ಕೇಳಿದರೋ ಆ ಭಾಷೆಯಲ್ಲೇ ಬರೆಯಿರಿ.

ಬರೀ ಪ್ರಶ್ನೆಗೆ ಉತ್ತರ ಹಾಕುತ್ತಾ ಹೋದರೆ ಬೇಜಾರಾಗುವುದಿಲ್ಲವೇ ಅನ್ನಬಹುದು. ನಡುನಡುವೆ ಕೆಲಸ ನಡೆಯುವುದನ್ನು ತೋರಿಸಿ, ಗಿರಾಕಿ ಕಳಿಸಿದ ಫೋಟೋವನ್ನು ಅವರ ಒಪ್ಪಿಗೆ ಕೇಳಿ ಹಾಕಿ, ಕತ್ತರಿಸುವಾಗ ಹಾಳಾದ ತುಂಡಿನ ಕಥೆ ಹೇಳಿ. ಟ್ರೆಂಡ್ ಅಂತ ಬಂದದ್ದನ್ನೆಲ್ಲ ಹಿಡಿಯಲು ಓಡಬೇಡಿ. ಬ್ಯಾಗಿಗೂ ಆ ಡ್ಯಾನ್ಸಿಗೂ ಸಂಬಂಧ ಇಲ್ಲದಿದ್ದರೆ ಬಿಟ್ಟುಬಿಡಿ. ನೋಡಿದವರಿಗೆ ಡ್ಯಾನ್ಸ್ ನೆನಪಿರುತ್ತದೆ, ಬ್ಯಾಗ್ ಇರುವುದಿಲ್ಲ.

ಹೆಜ್ಜೆ 5: ವಾರಕ್ಕೆ ಎಷ್ಟು

ನಿಲ್ಲಿಸದೆ ಮಾಡಲು ಆಗುವಷ್ಟು. ವಾರಕ್ಕೆ ಎರಡು ಪೋಸ್ಟ್ ಸಾಕು. ಒಂದೇ ದಿನ ಕೂತು ನಾಲ್ಕು ಚಿತ್ರೀಕರಿಸಿ ಎರಡು ವಾರಕ್ಕೆ ಇಟ್ಟುಕೊಳ್ಳಿ. ಮೆಟಾ ಬಿಸಿನೆಸ್ ಸೂಟ್‌ನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡಕ್ಕೂ ದಿನ, ಸಮಯ ಹಾಕಿ ಮೊದಲೇ ಶೆಡ್ಯೂಲ್ ಮಾಡಬಹುದು. ಒಂದು ಎಚ್ಚರಿಕೆ: ನಾನೊಮ್ಮೆ ಹೀಗೆ ಶೆಡ್ಯೂಲ್ ಮಾಡಿ ಮರೆತೆ. ಸರಕು ಖಾಲಿಯಾದ ಮರುದಿನ ಬೆಳಿಗ್ಗೆ "ಹಸಿರು ಬಣ್ಣ ಮತ್ತೆ ಬಂದಿದೆ" ಅಂತ ಪೋಸ್ಟ್ ತನ್ನಷ್ಟಕ್ಕೆ ಹೋಯಿತು. ಇಡೀ ದಿನ ಕ್ಷಮೆ ಕೇಳುವುದೇ ಆಯಿತು. ವಾರದ ಮೊದಲ ದಿನ ಶೆಡ್ಯೂಲ್ ಪಟ್ಟಿಯನ್ನು ಒಂದು ಸಲ ಕಣ್ಣಾಡಿಸಿ.

ಹೆಜ್ಜೆ 6: ಇನ್‌ಬಾಕ್ಸ್‌ನಲ್ಲೇ ವ್ಯಾಪಾರ

ಪೋಸ್ಟ್ ಎಷ್ಟೇ ಚೆನ್ನಾಗಿರಲಿ, ದುಡ್ಡು ಹುಟ್ಟುವುದು ಮಾತುಕತೆಯಲ್ಲಿ. ಪೋಸ್ಟ್‌ಗೆ ಮೂರು ಗಂಟೆ ಖರ್ಚು ಮಾಡಿ, ಬಂದ ಮೆಸೇಜ್‌ಗೆ ಮೂರು ದಿನ ಬಿಟ್ಟು "ಹಾಯ್" ಅನ್ನುವವರು ತುಂಬಾ ಇದ್ದಾರೆ. ಅಷ್ಟರಲ್ಲಿ ಗಿರಾಕಿ ಬೇರೆ ಕಡೆ ತೆಗೆದುಕೊಂಡು ಆಗಿರುತ್ತದೆ.

ವಾಟ್ಸಾಪ್ ಬಿಸಿನೆಸ್‌ನಲ್ಲಿ ಮೂರು ಸೌಲಭ್ಯ ಮೊದಲ ದಿನವೇ ಸರಿಮಾಡಿಕೊಳ್ಳಿ. ಕ್ಯಾಟಲಾಗ್: ಪ್ರತಿ ಬ್ಯಾಗಿಗೆ ಫೋಟೋ, ಅಳತೆ, ಬೆಲೆ. ಕ್ವಿಕ್ ರಿಪ್ಲೈ: ಪದೇ ಪದೇ ಬರೆಯುವ ಉತ್ತರಗಳನ್ನು ಉಳಿಸಿಟ್ಟು, ಓರೆಗೆರೆ (/) ಒತ್ತಿ ಚಿಕ್ಕ ಹೆಸರು ಬರೆದರೆ ಪೂರ್ತಿ ಉತ್ತರ ಬಂದು ಕೂರುತ್ತದೆ. ಲೇಬಲ್: ಹೊಸ ಗಿರಾಕಿ, ದುಡ್ಡು ಬಾಕಿ, ದುಡ್ಡು ಬಂತು, ಕಳಿಸಿಯಾಯ್ತು ಅಂತ ಬಣ್ಣ ಬಣ್ಣದ ಚೀಟಿ ಅಂಟಿಸಿದ ಹಾಗೆ. ನೋಟ್‌ಬುಕ್‌ನಲ್ಲಿ ಜಾಸ್ತಿ ಗೀಟು ಬಿದ್ದ ಪ್ರಶ್ನೆಗಳೇ ನಿಮ್ಮ ಕ್ವಿಕ್ ರಿಪ್ಲೈಗಳು. ಆದರೆ ಹಾಗೇ ಕಳಿಸಬೇಡಿ, ಕೇಳಿದವರ ಮಾತಿಗೆ ತಕ್ಕಂತೆ ಒಂದು ಸಾಲು ಸೇರಿಸಿ.

ಬೆಲೆ ಕೇಳಿದವರಿಗೆ ಹೇಗೆ ಉತ್ತರಿಸಬೇಕು ಅನ್ನುವುದನ್ನು ಹತ್ತಿರದಿಂದ ನೋಡೋಣ.

ಗಿರಾಕಿ: ರೇಟ್ ಎಷ್ಟು?
ಅಂಗಡಿ: ನಮಸ್ಕಾರ ಮೇಡಂ. ಫೋಟೋದಲ್ಲಿರೋ ಕಂದು ಬ್ಯಾಗಿನ ಬೆಲೆ ಈ ಕ್ಯಾಟಲಾಗ್‌ನಲ್ಲಿದೆ, ಕಳಿಸುವ ಖರ್ಚೂ ಅದರಲ್ಲೇ ಸೇರಿದೆ. ಲ್ಯಾಪ್‌ಟಾಪ್‌ಗಾ, ಇಲ್ಲ ದಿನದ ಓಡಾಟಕ್ಕಾ?
ಗಿರಾಕಿ: ಲ್ಯಾಪ್‌ಟಾಪ್‌ಗೆ. 15 ಇಂಚು.
ಅಂಗಡಿ: ಹಿಡಿಯುತ್ತೆ ಮೇಡಂ. ಚಾರ್ಜರ್‌ಗೆ ಬೇರೆ ಜೇಬಿದೆ. ಹಾಕಿ ತೋರಿಸಿದ ವಿಡಿಯೋ ಕಳಿಸ್ತೀನಿ, ನೋಡಿ. ಕಂದು ಎರಡು ಉಳಿದಿದೆ, ಬೂದು ಬಣ್ಣ ನಾಲ್ಕಿದೆ.

ಬೆಲೆ ಮೊದಲ ಉತ್ತರದಲ್ಲೇ ಬಂತು. ಕಾಮೆಂಟ್‌ನಲ್ಲಿ ಬೆಲೆ ಕೇಳಿದವರಿಗೆ "ಇನ್‌ಬಾಕ್ಸ್ ನೋಡಿ" ಅನ್ನುವ ಅಭ್ಯಾಸ ನನಗೆ ಒಂಚೂರೂ ಇಷ್ಟವಿಲ್ಲ. ಅದನ್ನು ನೋಡಿದ ಬೇರೆಯವರಿಗೆ "ಮುಖ ನೋಡಿ ಬೆಲೆ ಹೇಳ್ತಾರೆ" ಅನ್ನಿಸುತ್ತದೆ. ಬೆಲೆ ಬರೆದುಬಿಡಿ. ಬೆಲೆಯ ಹಿಂದೆಯೇ ಒಂದು ಪ್ರಶ್ನೆ ಕೇಳಿ, ಏಕೆಂದರೆ ಬೆಲೆ ಕೇಳಿದವರಿಗೆ ಅವರ ನಿಜವಾದ ಪ್ರಶ್ನೆ ಇನ್ನೂ ಬಾಯಿಗೆ ಬಂದಿರುವುದಿಲ್ಲ. "ಎರಡು ಉಳಿದಿದೆ" ಅಂತ ಹೇಳುವುದಾದರೆ ನಿಜವಾಗಿ ಎರಡೇ ಉಳಿದಿರಬೇಕು. ಮುಂದಿನ ತಿಂಗಳೂ ಅದೇ ಎರಡು ಉಳಿದಿದ್ದರೆ ಹಳೇ ಗಿರಾಕಿ ನಗುತ್ತಾರೆ.

ಇನ್ನು ದೂರು. ಬರುತ್ತವೆ. ಎಲ್ಲರೂ ನೋಡುವ ಕಾಮೆಂಟ್‌ನಲ್ಲೇ ಬರುತ್ತವೆ. "ಎರಡೇ ತಿಂಗಳಿಗೆ ಜಿಪ್ ಕಿತ್ತು ಬಂತು, ದುಡ್ಡು ವೇಸ್ಟ್." ಅಳಿಸಲು ಕೈ ತುರಿಸುತ್ತದೆ. ಅಳಿಸಿದರೆ ಅವರು ಸ್ಕ್ರೀನ್‌ಶಾಟ್ ಹಿಡಿದು ಬೇರೆ ಕಡೆ ಹಾಕುತ್ತಾರೆ. ಅಲ್ಲೇ, ಎಲ್ಲರೆದುರಿಗೇ ಉತ್ತರಿಸಿ: "ಹೀಗಾಗಬಾರದಿತ್ತು ಸರ್. ಜಿಪ್ ನಾವೇ ಉಚಿತವಾಗಿ ಹಾಕಿಕೊಡ್ತೀವಿ. ಆರ್ಡರ್ ನಂಬರ್ ಮೆಸೇಜ್ ಮಾಡಿ, ನಾಳೆ ತರಿಸಿಕೊಳ್ತೀವಿ." ವಿಳಾಸ, ಫೋನ್ ನಂಬರ್ ಮಾತ್ರ ಇನ್‌ಬಾಕ್ಸ್‌ಗೆ. ರಿಪೇರಿಯಾದ ಮೇಲೆ ಅದೇ ಕಾಮೆಂಟ್ ಕೆಳಗೆ "ಇವತ್ತು ಕಳಿಸಿದ್ದೇವೆ" ಅಂತ ಒಂದು ಸಾಲು. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುವುದು ಇಲ್ಲಿ ನೂರಕ್ಕೆ ನೂರು ನಿಜ. ಅಳಿಸಬೇಕಾದವು ಬೈಗುಳ, ಮೋಸದ ಲಿಂಕ್, ಬೇರೆಯವರ ಖಾಸಗಿ ವಿವರ, ಇಷ್ಟೇ. ನೋಟ್‌ಬುಕ್‌ನಲ್ಲಿ "ಜಿಪ್" ಅಂತ ಒಂದು ಗೀಟು ಎಳೆಯುವುದನ್ನು ಮರೆಯಬೇಡಿ. ನಾಲ್ಕು ಗೀಟಾದರೆ ಪೋಸ್ಟ್‌ನಿಂದ ಸರಿಹೋಗುವ ವಿಷಯವಲ್ಲ, ಜಿಪ್ ಕೊಡುವವರನ್ನೇ ಬದಲಿಸಬೇಕು.

ಹಳೇ ಗಿರಾಕಿಗಳಿಗೆ ಹೊಸ ಸರಕಿನ ಸುದ್ದಿ ಹೇಳಲು ವಾಟ್ಸಾಪ್‌ನಲ್ಲಿ ಒಂದೇ ಮೆಸೇಜನ್ನು ಎಲ್ಲರಿಗೂ ಬೇರೆ ಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟ್ ಇದೆ. ಒಂದು ಲಿಸ್ಟ್‌ಗೆ 256 ಜನ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಒಪ್ಪಿಗೆ ಕೇಳಿಯೇ ಸೇರಿಸಿ. ದಿನಾ ಬೆಳಿಗ್ಗೆ ಹೂವಿನ ಚಿತ್ರದ ಶುಭೋದಯ ಕಳಿಸಿದರೆ ಬ್ಲಾಕ್ ಆಗುತ್ತೀರಿ. ಬ್ಲಾಕ್, ರಿಪೋರ್ಟ್ ಜಾಸ್ತಿಯಾದರೆ ನಂಬರೇ ಬಂದ್ ಆಗಬಹುದು.

ಹೆಜ್ಜೆ 7: ದುಡ್ಡು ಕೊಟ್ಟು ಜಾಹೀರಾತು

2018ರ ಜನವರಿಯಲ್ಲಿ ಫೇಸ್‌ಬುಕ್ ತನ್ನ ಫೀಡ್‌ನಲ್ಲಿ ಪೇಜ್‌ಗಳಿಗಿಂತ ಗೆಳೆಯರು, ಮನೆಯವರ ಪೋಸ್ಟ್‌ಗಳಿಗೆ ಜಾಗ ಜಾಸ್ತಿ ಕೊಡುತ್ತೇನೆ ಅಂತ ಹೇಳಿತು. ಪುಕ್ಕಟೆಯಾಗಿ ಸಿಗುವ ಓದುಗರು ಕಡಿಮೆಯಾಗುತ್ತಲೇ ಬಂದಿದ್ದಾರೆ. ಹಾಗಂತ ಮೊದಲ ದಿನವೇ ಜಾಹೀರಾತಿಗೆ ಇಳಿಯಬೇಡಿ. ದುಡ್ಡಿಲ್ಲದೆ ಹಾಕಿದ ಪೋಸ್ಟ್‌ಗಳಲ್ಲಿ ಯಾವುದಕ್ಕೆ "ಇದು ಬೇಕು, ಹೇಗೆ ತಗೊಳ್ಳೋದು?" ಅನ್ನುವ ಮೆಸೇಜ್ ಬಂತೋ ಅದಕ್ಕೆ ಮಾತ್ರ ದುಡ್ಡು ಹಾಕಿ. ಲೈಕ್ ಜಾಸ್ತಿ ಬಂದದ್ದಕ್ಕಲ್ಲ. ಸೂರ್ಯಾಸ್ತದ ಹಿನ್ನೆಲೆಯ ಬ್ಯಾಗಿಗೆ ಲೈಕ್ ಬರುತ್ತದೆ, ನೀರು ಸುರಿದ ಬ್ಯಾಗಿಗೆ ಆರ್ಡರ್ ಬರುತ್ತದೆ.

ಪೋಸ್ಟ್ ಕೆಳಗೇ ಇರುವ, ಅದನ್ನೇ ಜಾಹೀರಾತು ಮಾಡುವ ಬೂಸ್ಟ್ ಬಟನ್ ಸುಲಭ, ಆದರೆ ಆಯ್ಕೆಗಳು ಕಡಿಮೆ. ಒಂದು ಸಂಜೆ ಕೂತು, ಜಾಹೀರಾತು ಹಾಕಲೆಂದೇ ಇರುವ ಮೆಟಾದ ಆ್ಯಡ್ಸ್ ಮ್ಯಾನೇಜರ್ ಕಲಿಯಿರಿ. ಅಲ್ಲಿ ಮೊದಲೇ ಕೇಳುವ ಪ್ರಶ್ನೆ "ನಿಮಗೆ ಏನು ಬೇಕು?" ಅಂತ. ಬರೀ ತಲುಪಿದರೆ ಸಾಕು ಅಂದರೆ ಕಡಿಮೆ ಖರ್ಚಿನಲ್ಲಿ ಸಿಗುವವರಿಗೆಲ್ಲ ತೋರಿಸುತ್ತದೆ, ಮೆಸೇಜ್ ಬೇಕು ಅಂದರೆ ಮೆಸೇಜ್ ಮಾಡುವ ಅಭ್ಯಾಸ ಇರುವವರನ್ನು ಹುಡುಕುತ್ತದೆ. ಸಣ್ಣ ವ್ಯಾಪಾರಕ್ಕೆ ಎರಡನೆಯದೇ ಸರಿ. ಬೇರೆಯವರು ಏನು ಹಾಕುತ್ತಿದ್ದಾರೆ ಅಂತ ನೋಡಲು ಮೆಟಾದ ಆ್ಯಡ್ ಲೈಬ್ರರಿ ಎಲ್ಲರಿಗೂ ತೆರೆದಿದೆ. ಪೇಜ್ ಹೆಸರು ಹಾಕಿದರೆ ಈಗ ಓಡುತ್ತಿರುವ ಜಾಹೀರಾತುಗಳೆಲ್ಲ ಕಾಣುತ್ತವೆ. ತಿಂಗಳುಗಟ್ಟಲೆ ನಿಲ್ಲದೆ ಓಡುತ್ತಿರುವುದರಿಂದ ಅವರಿಗೆ ಲಾಭ ಬರುತ್ತಿರಬೇಕು ಅಂತ ಊಹಿಸಬಹುದು.

ಈಗ ಲೆಕ್ಕ. ನಿಮ್ಮ ನಾಣ್ಯ ಯಾವುದಾದರೂ ಇರಲಿ, ದಾರಿ ಒಂದೇ. ಜಾಹೀರಾತಿಗೆ 3,000 ಹಾಕಿದಿರಿ. 150 ಜನ ಒತ್ತಿದರು, ಅಂದರೆ ಒಬ್ಬರಿಗೆ 20. ಅವರಲ್ಲಿ 30 ಜನ ಮೆಸೇಜ್ ಮಾಡಿದರು, ಒಂದು ಮೆಸೇಜ್‌ಗೆ 100. ಕೊನೆಗೆ ಕೊಂಡವರು 6, ಒಂದು ಆರ್ಡರ್‌ಗೆ 500. ಬಟ್ಟೆ, ಕೂಲಿ, ಕಳಿಸುವ ಖರ್ಚು ಕಳೆದು ಒಂದು ಬ್ಯಾಗಿಗೆ ಉಳಿಯುವುದು 400. ಪ್ರತಿ ಬ್ಯಾಗಿಗೂ 100 ಕೈಯಿಂದ ಹೋಯಿತು.

ಇಲ್ಲಿ ಬಹಳ ಜನ "ಜಾಹೀರಾತು ವರ್ಕ್ ಆಗಲ್ಲ" ಅಂತ ಎದ್ದು ಹೋಗುತ್ತಾರೆ. ತಡೆಯಿರಿ, ಸೋರುತ್ತಿರುವುದು ಎಲ್ಲಿ ಅಂತ ನೋಡಿ. 30 ಜನ ಮೆಸೇಜ್ ಮಾಡಿ 6 ಜನ ಮಾತ್ರ ಕೊಂಡರು. ಉಳಿದ 24 ಮಾತುಕತೆಗಳನ್ನು ತೆರೆದು ಓದಿ. ಹನ್ನೆರಡು ಕಡೆ ನಿಮ್ಮ ಉತ್ತರ ಮರುದಿನ ಹೋಗಿದೆ. ಐದು ಕಡೆ ಬಣ್ಣದ ಅನುಮಾನಕ್ಕೆ ಫೋಟೋ ಕಳಿಸಿಲ್ಲ. ಇದನ್ನು ಸರಿಮಾಡಿ 30ರಲ್ಲಿ 10 ಜನ ಕೊಂಡರೆ ಒಂದು ಆರ್ಡರ್‌ಗೆ 300 ಆಗುತ್ತದೆ, ಬ್ಯಾಗಿಗೆ 100 ಉಳಿಯುತ್ತದೆ. ಜಾಹೀರಾತು ಅದೇ, ದುಡ್ಡು ಅದೇ.

ಫಾಲೋವರ್ಸ್ ಕೊಳ್ಳುವುದು? ಊಟಕ್ಕಿಲ್ಲದ ಉಪ್ಪಿನಕಾಯಿ. ಆ ಖಾತೆಗಳು ಕೊಳ್ಳುವುದೂ ಇಲ್ಲ, ಕೇಳುವುದೂ ಇಲ್ಲ. ಮೇಲಾಗಿ ಅದು ಆ್ಯಪ್‌ಗಳ ನಿಯಮಕ್ಕೆ ವಿರುದ್ಧ. ಹೆಸರಾದ ಯಾರಿಗಾದರೂ ದುಡ್ಡು ಕೊಟ್ಟು ಹೊಗಳಿಸುವುದಾದರೆ ಪೇಯ್ಡ್ ಪಾರ್ಟ್‌ನರ್‌ಶಿಪ್ ಅನ್ನುವ ಲೇಬಲ್ ಹಾಕಿಸಿ, ಎಷ್ಟೋ ದೇಶಗಳಲ್ಲಿ ಹಾಗೆ ತಿಳಿಸುವುದು ಕಡ್ಡಾಯ. ಅವರ ಫಾಲೋವರ್ಸ್ ಸಂಖ್ಯೆ ನೋಡುವ ಮೊದಲು ಕಾಮೆಂಟ್ ಓದಿ. ಬರೀ ಬೆಂಕಿ ಎಮೋಜಿಗಳಿದ್ದರೆ ಬಿಡಿ, "ಅಕ್ಕಾ, ಇದು ಎಲ್ಲಿ ತಗೊಂಡ್ರಿ?" ಅಂತ ಇದ್ದರೆ ಮಾತಾಡಿ.

ಹೆಜ್ಜೆ 8: ಎಣಿಸುವುದು

ವಾರಕ್ಕೊಮ್ಮೆ ನಾಲ್ಕು ಅಂಕಿ ಬರೆದಿಡಿ: ಎಷ್ಟು ಹೊಸ ಮಾತುಕತೆ, ಎಷ್ಟು ಆರ್ಡರ್, ಎಷ್ಟು ಹಳೇ ಗಿರಾಕಿ ಮತ್ತೆ ಬಂದರು, ಯಾವ ಪೋಸ್ಟನ್ನು ಜಾಸ್ತಿ ಸೇವ್ ಮತ್ತು ಶೇರ್ ಮಾಡಿದರು. ಯೂಟ್ಯೂಬ್‌ನಲ್ಲಿದ್ದರೆ ಸ್ಟುಡಿಯೋದಲ್ಲಿ ರಿಟೆನ್ಷನ್ ಗ್ರಾಫ್ ನೋಡಿ. ಜನ ಎಷ್ಟನೇ ಸೆಕೆಂಡಿಗೆ ಎದ್ದು ಹೋದರು ಅಂತ ಗೆರೆ ಇಳಿದದ್ದರಲ್ಲೇ ಕಾಣುತ್ತದೆ.

ವೆಬ್‌ಸೈಟ್ ಇದ್ದರೆ ಪ್ರತಿ ಕಡೆ ಹಾಕುವ ಲಿಂಕ್‌ಗೆ ಯುಟಿಎಂ ಬಾಲ ಅಂಟಿಸಿ, ಅಂದರೆ ಲಿಂಕ್‌ನ ಕೊನೆಗೆ ಅದು ಯಾವ ಕಡೆಯದು ಅಂತ ಹೇಳುವ ಗುರುತು. ಯಾರು ಇನ್‌ಸ್ಟಾಗ್ರಾಂನಿಂದ ಬಂದರು, ಯಾರು ಲಿಂಕ್ಡ್‌ಇನ್‌ನಿಂದ ಬಂದರು ಅಂತ ಗೂಗಲ್ ಅನಲಿಟಿಕ್ಸ್ ಬೇರೆ ಬೇರೆ ಮಾಡಿ ತೋರಿಸುತ್ತದೆ. ಆದರೂ ಜಾಹೀರಾತಿನ ವರದಿಗೂ ನಿಮ್ಮ ಆರ್ಡರ್ ಪುಸ್ತಕಕ್ಕೂ ಲೆಕ್ಕ ತಾಳೆಯಾಗದಿದ್ದರೆ ಗಾಬರಿ ಬೇಡ. 2021ರ ಏಪ್ರಿಲ್‌ನಲ್ಲಿ ಐಫೋನ್‌ಗೆ ಐಒಎಸ್ 14.5 ಅನ್ನುವ ಅಪ್‌ಡೇಟ್ ಬಂದಾಗಿನಿಂದ ಅದರಲ್ಲಿ ಆ್ಯಪ್‌ಗಳು ಬಳಕೆದಾರರನ್ನು ಹಿಂಬಾಲಿಸಲು ಮೊದಲು ಅನುಮತಿ ಕೇಳಬೇಕು. ಬೇಡ ಅಂದವರ ದಾರಿ ಪೂರ್ತಿ ಕಾಣುವುದಿಲ್ಲ. ಹಾಗಾಗಿ ಆರ್ಡರ್ ಮಾಡಿದ ಪ್ರತಿಯೊಬ್ಬರನ್ನೂ "ನಮ್ಮನ್ನ ಎಲ್ಲಿ ನೋಡಿದ್ರಿ?" ಅಂತ ಕೇಳಿ. ಉತ್ತರವನ್ನು ನೋಟ್‌ಬುಕ್‌ನ ಕೊನೇ ಪುಟದಲ್ಲಿ ಬರೆಯಿರಿ.

ಹೆಜ್ಜೆ 9: ಬಾಡಿಗೆ ಜಾಗ, ಬೀಗ ಭದ್ರ

ನಿಮ್ಮ ಪೇಜ್ ನಿಮ್ಮದಲ್ಲ, ಬಾಡಿಗೆ ಜಾಗ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಒಟ್ಟಿಗೆ ಸುಮಾರು ಆರು ಗಂಟೆ ನಿಂತುಹೋದವು. ಆರ್ಡರ್‌ಗಳೆಲ್ಲ ಅಲ್ಲೇ ಇದ್ದವರು ಕೈಕಟ್ಟಿ ಕೂತರು. ಆರು ಸೆಕೆಂಡಿನ ವಿಡಿಯೋಗಳ ವೈನ್ 2013ರಲ್ಲಿ ಶುರುವಾಗಿ 2017ಕ್ಕೆ ಮುಚ್ಚಿತು. ಗೂಗಲ್ ಪ್ಲಸ್ 2019ರಲ್ಲಿ ಸಾಮಾನ್ಯ ಬಳಕೆದಾರರಿಗೆ ಬಾಗಿಲು ಹಾಕಿತು. ಗಿರಾಕಿಗಳ ಹೆಸರು, ನಂಬರ್, ಏನು ಕೊಂಡರು ಅನ್ನುವ ಪಟ್ಟಿ ನಿಮ್ಮ ಹತ್ತಿರ ಬೇರೆ ಕಡೆ ಇರಲಿ, ಅವರ ಒಪ್ಪಿಗೆಯಿಂದ. ಅದನ್ನು ಯಾರಿಗೂ ಹಂಚಬೇಡಿ.

ಆ್ಯಪ್ ಮುಚ್ಚುವುದಕ್ಕಿಂತ ದಿನನಿತ್ಯದ ಅಪಾಯ ಖಾತೆ ಕಳವು. "ನಿಮ್ಮ ಪೇಜ್ ಕಾಪಿರೈಟ್ ಉಲ್ಲಂಘಿಸಿದೆ, 24 ಗಂಟೆಯಲ್ಲಿ ತೆಗೆಯುತ್ತೇವೆ, ಮೇಲ್ಮನವಿಗೆ ಇಲ್ಲಿ ಒತ್ತಿ" ಅಂತ ಮೆಸೇಜ್ ಬರುತ್ತದೆ. ಲೋಗೋ ಅಸಲಿಯಂತೆಯೇ ಇರುತ್ತದೆ. ಒತ್ತಿ ಪಾಸ್‌ವರ್ಡ್ ಕೊಟ್ಟರೆ ಸಂಜೆಯೊಳಗೆ ನಿಮ್ಮ ಹೆಸರಲ್ಲಿ ಬೇರೆ ಯಾರೋ ಏನೋ ಮಾರುತ್ತಿರುತ್ತಾರೆ. ನಿಜವಾದ ದೂರು ಇದ್ದರೆ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲೇ, ಖಾತೆಯ ಸ್ಥಿತಿ ತೋರಿಸುವ ಕಡೆ ಕಾಣುತ್ತದೆ. ಅಲ್ಲಿಗೆ ನೀವೇ ಹೋಗಿ ನೋಡಿ, ಮೆಸೇಜ್‌ನ ಲಿಂಕ್ ಒತ್ತಬೇಡಿ.

ಇವತ್ತೇ ಟೂ ಫ್ಯಾಕ್ಟರ್ ಆನ್ ಮಾಡಿ, ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡನ್ನೂ ಕೇಳುವ ಎರಡನೇ ಬೀಗ ಅದು. ಪೇಜ್‌ಗೆ ನಂಬಿಕೆಯ ಇನ್ನೊಬ್ಬರನ್ನು ಅಡ್ಮಿನ್ ಮಾಡಿ; ಕೆಲಸ ಬಿಟ್ಟು ಹೋದವರ ಹೆಸರನ್ನು ಅದೇ ದಿನ ತೆಗೆಯಿರಿ. ಟೂ ಫ್ಯಾಕ್ಟರ್ ಆನ್ ಮಾಡಿದಾಗ ಬ್ಯಾಕಪ್ ಕೋಡ್‌ಗಳು ಸಿಗುತ್ತವೆ. ಅವನ್ನು ಹಾಳೆಯಲ್ಲಿ ಬರೆದು ಬೀರುವಿನಲ್ಲಿಡಿ. ಫೋನಿನ ಕವರ್ ಒಳಗೆ ಮಡಚಿಟ್ಟುಕೊಂಡವರನ್ನು ನೋಡಿದ್ದೇನೆ. ಫೋನ್ ಕಳೆದ ದಿನ ಎರಡೂ ಒಟ್ಟಿಗೇ ಹೋದವು.